ನಾಯಿಯ ಚರ್ಮದ ಕೀವುಗುಳ್ಳೆ ಮಾತ್ರೆಗೆ ಬಗ್ಗದಿದ್ದರೆ ಎಲ್ಲಿಂದ ಹುಡುಕಬೇಕು?

ನಮ್ಮ ಚುಕ್ಕಿಗೆ ಆರು ವರ್ಷ. ಲ್ಯಾಬ್ರಡಾರ್ ಬೆರಕೆ, 28 ಕಿಲೋ ತೂಕ. ಮನೆ ಶಿವಮೊಗ್ಗದಲ್ಲಿ. ಒಂದು ಮಳೆಗಾಲದ ಶುರುವಿನಲ್ಲಿ ಅವಳ ಹೊಟ್ಟೆಯ ಕೆಳಗೆ ನಾಲ್ಕೈದು ಕೆಂಪು ಗುಳ್ಳೆ ಕಂಡವು. ಮಾತ್ರೆ ಕೊಡಿಸಿದೆವು, ಹತ್ತು ದಿನಕ್ಕೆ ಒಣಗಿದವು. ಮೂರು ವಾರ ಬಿಟ್ಟು ಮತ್ತೆ ಬಂದವು. ಈ ಸಲ ತೊಡೆಯ ಸಂದಿಗೂ ಹರಡಿದ್ದವು. ಬೇರೆ ಮಾತ್ರೆ ಬಂತು, ಜೊತೆಗೊಂದು ಇಂಜೆಕ್ಷನ್. ಸ್ವಲ್ಪ ದಿನ ಕಮ್ಮಿ, ಆಮೇಲೆ ಮೊದಲಿಗಿಂತ ಜಾಸ್ತಿ. ದೀಪಾವಳಿ ಹೊತ್ತಿಗೆ ಮೂರು ಕೋರ್ಸ್ ಮುಗಿದಿತ್ತು. ಬೆನ್ನಿನ ಮೇಲೆ ಅಂಗೈ ಅಗಲ ಕೂದಲು ಉದುರಿತ್ತು. ರಾತ್ರಿಯಿಡೀ ಕೆರೆದುಕೊಳ್ಳುವ ಸದ್ದು.

ಇವತ್ತು ಅವಳು ಆರಾಮಾಗಿದ್ದಾಳೆ. ಆದರೆ ಐದು ತಿಂಗಳು ಸುಮ್ನೆ ನರಳಿದಳು, ಅದನ್ನು ತಪ್ಪಿಸಬಹುದಿತ್ತು. ಗುಳ್ಳೆ ಮರುಕಳಿಸಿದಾಗಲೆಲ್ಲ ನಾವು ಮಾತ್ರೆ ಬದಲಿಸಿದೆವು. ಚರ್ಮದ ಮೇಲೆ ನಿಜಕ್ಕೂ ಏನಿದೆ ಅಂತ ಒಂದು ಸಲವೂ ಪರೀಕ್ಷೆ ಮಾಡಿಸಲಿಲ್ಲ. ನಿಮ್ಮ ಮನೆಯಲ್ಲೂ ಎರಡನೇ ಅಥವಾ ಮೂರನೇ ಕೋರ್ಸ್ ನಡೀತಾ ಇದ್ದರೆ, ಹುಡುಕಬೇಕಾದ ಕ್ರಮ ಇಲ್ಲಿದೆ. ಔಷಧ ಆರಿಸುವುದು ಡಾಕ್ಟರ ಕೆಲಸ. ಸರಿಯಾದ ಪ್ರಶ್ನೆ ಕೇಳುವುದು, ಮನೆಯಲ್ಲಿ ಕಣ್ಣಿಟ್ಟು ನೋಡುವುದು ನಮ್ಮ ಕೆಲಸ.

ಮೊದಲು: ಕಾಣುತ್ತಿರುವುದು ಏನು?

ನಾಯಿಯ ಚರ್ಮದಲ್ಲಿ ಬ್ಯಾಕ್ಟೀರಿಯಾ ಸೋಂಕು ಆದಾಗ ಮೊದಲು ಏಳುವುದು ಸಣ್ಣ ಕೆಂಪು ಗುಳ್ಳೆ. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೀವು. ನಾಯಿಯ ಚರ್ಮ ತುಂಬ ತೆಳು, ಹಾಗಾಗಿ ಈ ಕೀವುಗುಳ್ಳೆ ಒಂದೆರಡು ದಿನದಲ್ಲೇ ಒಡೆದುಹೋಗುತ್ತದೆ. ಆಮೇಲೆ ಉಳಿಯುವುದು ದುಂಡಗಿನ ಗುರುತು. ನಡುವೆ ಕೆಂಪು ಅಥವಾ ಕಪ್ಪು, ಅಂಚಿನಲ್ಲಿ ಸಿಪ್ಪೆ ಎದ್ದ ಹಾಗೆ ಬಿಳಿ ಹೊಟ್ಟಿನ ಉಂಗುರ. ಬಹಳ ಜನ ಇದನ್ನು ಹುಳುಕಡ್ಡಿ ಅಂದುಕೊಂಡು ಮುಲಾಮು ಹಚ್ಚುತ್ತಾರೆ. ನಾವೂ ಹಚ್ಚಿದೆವು. ನಾಯಿಗಳಲ್ಲಿ ಇಂಥ ಉಂಗುರಕ್ಕೆ ಹುಳುಕಡ್ಡಿಗಿಂತ ಬ್ಯಾಕ್ಟೀರಿಯಾನೇ ಕಾರಣ ಆಗಿರುವುದು ಜಾಸ್ತಿ.

ಗಿಡ್ಡ ಕೂದಲಿನ ನಾಯಿಗಳಲ್ಲಿ ಎಷ್ಟೋ ಸಲ ಗುಳ್ಳೆ ಕಾಣುವುದೇ ಇಲ್ಲ. ಹುಳ ತಿಂದ ಕಂಬಳಿ ಥರ ಅಲ್ಲಲ್ಲಿ ಕೂದಲು ಬಿಟ್ಟಿರುತ್ತದೆ, ಅಷ್ಟೇ. ಕೈಯಾಡಿಸಿದರೆ ಒರಟೊರಟು ಹಕ್ಕಳೆ ಸಿಗುತ್ತದೆ.

ಇಷ್ಟೇ ಇದ್ದರೆ ಸೋಂಕು ಚರ್ಮದ ಮೇಲ್ಪದರದಲ್ಲಿದೆ, ಕ್ರಮವಾಗಿ ಹುಡುಕಲು ಸಮಯ ಇದೆ. ಗಂಟು ಕಟ್ಟಿದ್ದರೆ, ತೂತಿನಿಂದ ರಕ್ತ ಬೆರೆತ ಕೀವು ಸುರಿಯುತ್ತಿದ್ದರೆ, ಮುಟ್ಟಿದರೆ ನೋವಿನಿಂದ ಕಿರುಚಿದರೆ, ಜ್ವರ ಬಂದು ಊಟ ಬಿಟ್ಟಿದ್ದರೆ ಸೋಂಕು ಆಳಕ್ಕೆ ಇಳಿದಿದೆ. ಓದುವುದನ್ನು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇವತ್ತೇ ಒಂದು ಕೆಲಸ ಮಾಡಿ. ಒಂದು ಗುರುತಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ಮೂರು ದಿನಕ್ಕೊಮ್ಮೆ ಅದೇ ಜಾಗದ ಫೋಟೋ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನಾಣ್ಯದ ಪಕ್ಕ ಗೊತ್ತಾಗುತ್ತದೆ.

ಔಷಧ ನಿಜವಾಗಿ ಒಳಗೆ ಹೋಗಿದೆಯಾ?

ಮಾತ್ರೆ ಕೆಲಸ ಮಾಡಲಿಲ್ಲ ಅಂದ ತಕ್ಷಣ ರೋಗಾಣು ಔಷಧಕ್ಕೆ ಬಗ್ಗುತ್ತಿಲ್ಲ ಅಂತ ತೀರ್ಮಾನಿಸಬೇಡಿ. ಮೊದಲು ನಾಯಿಯ ತೂಕ ನೋಡಿ. ಅಂದಾಜಿನ ತೂಕ ಬೇಡ, ತಕ್ಕಡಿಯ ತೂಕ ಬೇಕು. ಚುಕ್ಕಿಯ ಮೊದಲ ಚೀಟಿಯಲ್ಲಿ 20 ಕಿಲೋ ಅಂತ ಬರೆದಿತ್ತು, ಯಾರೂ ತೂಗಿರಲಿಲ್ಲ. ಸೆಫಲೆಕ್ಸಿನ್ ಅನ್ನುವ ಸಾಮಾನ್ಯ ಮಾತ್ರೆಯನ್ನು ಕಿಲೋಗೆ 22 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ ಕೊಡುವ ರೂಢಿ ಇದೆ. 20 ಕಿಲೋ ನಾಯಿಗೆ ಅದು ಹೊತ್ತಿಗೆ 440 ಮಿಲಿಗ್ರಾಂ, 28 ಕಿಲೋ ನಾಯಿಗೆ 616. ಹೊತ್ತು ಹೊತ್ತಿಗೆ ಅಷ್ಟು ಕಮ್ಮಿ ಬಿದ್ದರೆ ಸೂಕ್ಷ್ಮ ರೋಗಾಣು ಸಾಯುತ್ತದೆ, ಗಟ್ಟಿ ರೋಗಾಣು ಉಳಿದು ಬೆಳೆಯುತ್ತದೆ.

ಆಮೇಲೆ ಮನೆಯವರನ್ನೆಲ್ಲ ಕೂರಿಸಿ ಕೇಳಿ. ಬೆಳಗ್ಗೆ ಯಾರು ಕೊಟ್ಟರು, ರಾತ್ರಿ ಯಾರು ಕೊಟ್ಟರು, ಎಷ್ಟು ಸಲ ಮರೆತುಹೋಯಿತು? ಅನ್ನದಲ್ಲಿ ಮುಚ್ಚಿಟ್ಟ ಮಾತ್ರೆ ತಟ್ಟೆಯ ಅಂಚಿನಲ್ಲಿ ಉಳಿದಿತ್ತಾ? ಗುಳ್ಳೆ ಒಣಗಿದ್ದು ನೋಡಿ ನಾಲ್ಕು ದಿನ ಮೊದಲೇ ನಿಲ್ಲಿಸಿದಿರಾ?

ಚೀಟಿ ಚೀಲ ತೆಗೆದು ಇನ್ನೊಂದು ಹುಡುಕಿ. ಯಾವುದಾದರೂ ಇಂಜೆಕ್ಷನ್‌ನಲ್ಲಿ, ಮಾತ್ರೆಯಲ್ಲಿ ಅಥವಾ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತಾ? ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಕ್ಲೋಬೆಟಸಾಲ್, ಈ ಹೆಸರುಗಳನ್ನು ನೋಡಿ. ಮೆಡಿಕಲ್ ಶಾಪ್‌ನಲ್ಲಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಅಂದರೆ ಸಿಗುವ ಮೂರು-ನಾಲ್ಕು ಔಷಧ ಬೆರೆಸಿದ ಮುಲಾಮುಗಳಲ್ಲಿ ಬಹುತೇಕ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿದು ಗುಣ ಆದಂತೆ ಕಾಣುತ್ತದೆ. ಆದರೆ ಚರ್ಮದ ಕಾವಲು ಕುಗ್ಗಿರುತ್ತದೆ, ಕೆಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ. ಚುಕ್ಕಿಯ ‘ಕಮ್ಮಿ, ಮತ್ತೆ ಜಾಸ್ತಿ’ ಆಟದ ಅರ್ಧ ಕಾರಣ ಇದೇ ಆಗಿತ್ತು. ಒಂದು ಎಚ್ಚರಿಕೆ: ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಗಾಜಿನ ಪಟ್ಟಿ ಮತ್ತು ಹತ್ತು ನಿಮಿಷ

ನನಗೆ ಒಂದೇ ಒಂದು ಮಾತು ಹೇಳಲು ಅವಕಾಶ ಇದ್ದರೆ ಇದನ್ನೇ ಹೇಳುತ್ತೇನೆ: ಎರಡನೇ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು ಸ್ಲೈಡ್ ನೋಡಿಸಿ.

ನಾಲ್ಕನೇ ಡಾಕ್ಟ್ರು ಮಾಡಿದ್ದು ಇದನ್ನೇ. ಹಕ್ಕಳೆಯ ಅಂಚು ಎತ್ತಿ, ಕೆಳಗಿನ ಒದ್ದೆ ಜಾಗಕ್ಕೆ ಗಾಜಿನ ಪಟ್ಟಿ ಒತ್ತಿದರು. ಕಾಲ್ಬೆರಳ ಸಂದಿಗೆ ಸೆಲ್ಲೋ ಟೇಪ್ ಅಂಟಿಸಿ ಕಿತ್ತು ಇನ್ನೊಂದು ಪಟ್ಟಿಗೆ ಹಾಕಿದರು. ಬಣ್ಣದಲ್ಲಿ ಅದ್ದಿ, ನೀರಲ್ಲಿ ತೊಳೆದು, ಒಣಗಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟರು. ‘ಬನ್ನಿ, ನೀವೇ ನೋಡಿ’ ಅಂತ ನನ್ನನ್ನೂ ಕರೆದರು. ತಿಳಿ ನೇರಳೆ ಬಣ್ಣದ ದೊಡ್ಡ ಕಣಗಳು, ಒಳಗೆ ಮಡಚಿದ ದಾರದಂಥ ಗುರುತು. ಅವು ಕೀವಿನ ಕಣ, ದೇಹದ ಸೈನಿಕರು. ಅವುಗಳ ಹೊಟ್ಟೆಯೊಳಗೆ, ಸುತ್ತಮುತ್ತ, ಕಡು ನೀಲಿ ಚುಕ್ಕಿಗಳು. ಎರಡೆರಡು, ನಾಲ್ಕು ನಾಲ್ಕು, ಕೆಲವು ಕಡೆ ದ್ರಾಕ್ಷಿ ಗೊಂಚಲಿನ ಹಾಗೆ. ಐದು ತಿಂಗಳಿನಿಂದ ನನ್ನ ನಾಯಿಯನ್ನು ಕಾಡುತ್ತಿದ್ದದ್ದನ್ನು ಆವತ್ತು ಮೊದಲ ಸಲ ಕಣ್ಣಾರೆ ಕಂಡೆ.

ಹತ್ತು ನಿಮಿಷದ ಈ ಪರೀಕ್ಷೆ ದಾರಿಯನ್ನೇ ಬೇರೆ ಬೇರೆ ಮಾಡುತ್ತದೆ. ದುಂಡು ಚುಕ್ಕಿಗಳು ಕೀವಿನ ಕಣದೊಳಗೆ ಕಂಡರೆ ಬ್ಯಾಕ್ಟೀರಿಯಾ ಸೋಂಕು ಖಚಿತ. ಕಡಲೆಕಾಯಿ ಆಕಾರದ ದೊಡ್ಡ ಕಣಗಳು ತುಂಬಿದ್ದರೆ ಅದು ಮಲಸೀಜಿಯಾ ಎಂಬ ಯೀಸ್ಟ್, ಒಂದು ಬಗೆಯ ಶಿಲೀಂಧ್ರ. ಮೈಯಿಂದ ಹುಳಿ ಮುಗ್ಗುಲು ವಾಸನೆ, ಚರ್ಮದಲ್ಲಿ ಜಿಡ್ಡು, ಕಂದು ಬಣ್ಣಕ್ಕೆ ತಿರುಗಿದ ಪಾದ ಇದ್ದರೆ ಅದರ ಅನುಮಾನ ಪಡಬೇಕು. ಯೀಸ್ಟಿಗೆ ಆ್ಯಂಟಿಬಯೋಟಿಕ್ ಎಷ್ಟು ಕೊಟ್ಟರೂ ಪ್ರಯೋಜನ ಇಲ್ಲ. ಕಡ್ಡಿ ಆಕಾರದ ಬ್ಯಾಕ್ಟೀರಿಯಾ ಕಂಡರೆ ಊಹೆ ಬಿಟ್ಟು ನೇರ ಕಲ್ಚರ್ ಟೆಸ್ಟ್‌ಗೆ ಹೋಗಬೇಕು, ಅಂದರೆ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆಗೆ. ಕೀವಿನ ಕಣ ಇದ್ದೂ ರೋಗಾಣು ಒಂದೂ ಇಲ್ಲದಿದ್ದರೆ ಅದು ಸೋಂಕೇ ಅಲ್ಲದ ಬೇರೆ ಚರ್ಮರೋಗ ಇರಬಹುದು. ಆಗ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿಸಬೇಕಾಗುತ್ತದೆ.

ಅದೇ ಭೇಟಿಯಲ್ಲಿ ಚರ್ಮ ಕೆರೆದು ನುಸಿ ಇದೆಯಾ ಅಂತಲೂ ನೋಡಿಸಿ. ಡೆಮೊಡೆಕ್ಸ್ ನುಸಿ ಕೂದಲ ಬುಡದಲ್ಲಿ ಆಳವಾಗಿ ಕೂತಿರುತ್ತದೆ. ಸಣ್ಣಗೆ ರಕ್ತ ಒಸರುವವರೆಗೆ ಕೆರೆದರೆ ಸಿಗುವ ಸಾಧ್ಯತೆ ಹೆಚ್ಚು, ಗಾಬರಿಯಾಗಬೇಡಿ. ನುಸಿ ಇದ್ದಾಗ ಅದನ್ನು ಬಿಟ್ಟು ಬರೀ ಸೋಂಕಿಗೆ ಔಷಧ ಕೊಟ್ಟರೆ ಸೋಂಕು ವಾಪಸ್ ಬರುತ್ತದೆ. ಸ್ಟೀರಾಯ್ಡ್ ಬಿದ್ದರೆ ಈ ನುಸಿ ಇನ್ನೂ ಹೆಚ್ಚುತ್ತದೆ.

ಕಲ್ಚರ್ ಟೆಸ್ಟ್ ಯಾವಾಗ, ಹೇಗೆ

ಸರಿಯಾದ ಪ್ರಮಾಣದ ಔಷಧ ಎರಡು ವಾರ ಬಿದ್ದೂ ಹೊಸ ಗುಳ್ಳೆ ಏಳುತ್ತಲೇ ಇದ್ದರೆ ಮಾಡಿಸಿ. ಈಚೆಗೆ ಹಲವು ಸಲ ಆ್ಯಂಟಿಬಯೋಟಿಕ್ ತಿಂದ ನಾಯಿಯಾದರೆ, ಆಸ್ಪತ್ರೆಯಲ್ಲಿ ದಿನಗಟ್ಟಲೆ ಇದ್ದು ಬಂದಿದ್ದರೆ, ಸೋಂಕು ಆಳಕ್ಕೆ ಇಳಿದಿದ್ದರೆ ಕಾಯುವುದೇ ಬೇಡ. ‘ಈಗ ಮಾತ್ರೆ ನಡೀತಿದೆಯಲ್ಲ, ನಿಲ್ಲಿಸಿ ವಾರ ಆದಮೇಲೆ ಮಾಡಿಸೋಣ’ ಅಂತ ಕೆಲವರು ಹೇಳುತ್ತಾರೆ. ಮಾತ್ರೆ ನಡೆಯುತ್ತಿರುವಾಗಲೂ ಹೊಸ ಗುಳ್ಳೆ ಎದ್ದಿದೆ ಅಂದರೆ ಅದರಲ್ಲಿ ರೋಗಾಣು ಬದುಕಿದೆ. ಹಾಗಾಗಿ ಆಗಲೂ ಮಾದರಿ ತೆಗೆಯಬಹುದು.

ಮಾದರಿ ತೆಗೆಯುವ ಜಾಗ ಮುಖ್ಯ. ಒಡೆಯದ ಕೀವುಗುಳ್ಳೆ ಎಲ್ಲಕ್ಕಿಂತ ಒಳ್ಳೆಯದು. ಶುದ್ಧ ಸೂಜಿಯಿಂದ ಚುಚ್ಚಿ, ಬಂದ ಕೀವನ್ನು ಹತ್ತಿ ಕಡ್ಡಿಯಲ್ಲಿ ತೆಗೆದುಕೊಳ್ಳುತ್ತಾರೆ. ಗುಳ್ಳೆ ಇಲ್ಲದಿದ್ದರೆ ಹಕ್ಕಳೆಯ ಕೆಳಗಿನಿಂದ, ಅದೂ ಇಲ್ಲದಿದ್ದರೆ ಹೊಟ್ಟಿನ ಉಂಗುರದ ಅಂಚಿನಿಂದ. ಈ ಮೇಲ್ಪದರದ ಮಾದರಿಗೆ ಮೊದಲು ಸ್ಪಿರಿಟ್ ಹಚ್ಚಿ ಒರೆಸಬಾರದು, ರೋಗಾಣು ಅಲ್ಲೇ ಸಾಯುತ್ತದೆ. ಹಿಂದಿನ ದಿನ ಔಷಧದ ಶಾಂಪೂ ಸ್ನಾನವೂ ಬೇಡ. ಆಳದ ಸೋಂಕಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಮೇಲ್ಭಾಗ ಶುಚಿ ಮಾಡಿ ಒಳಗಿನ ಮಾಂಸದ ಚೂರನ್ನೇ ಕಳಿಸಬೇಕು, ಸುರಿಯುವ ಕೀವಿನಲ್ಲಿ ಹೊರಗಿನ ರೋಗಾಣುಗಳೂ ಬೆರೆತಿರುತ್ತವೆ.

ಪ್ರಾಣಿಗಳ ಮಾದರಿ ನೋಡುವ ಲ್ಯಾಬ್‌ಗೇ ಕಳಿಸಲು ಕೇಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ ಈ ಊರುಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರ ಯಾವುದಿದೆಯೋ ಅಲ್ಲಿ ವಿಚಾರಿಸಿ. ರೋಗಾಣು ಬೆಳೆದು ಫಲಿತಾಂಶ ಬರಲು ಎರಡು-ಮೂರು ದಿನವಾದರೂ ಬೇಕು. ನಮಗೆ ಆ ಟೆಸ್ಟಿಗೆ ಆದ ಖರ್ಚು ಮೂರನೇ ಕೋರ್ಸ್ ಮಾತ್ರೆಗೆ ಕೊಟ್ಟಿದ್ದಕ್ಕಿಂತ ಕಮ್ಮಿ.

ರಿಪೋರ್ಟ್ ಓದುವುದು

ಚುಕ್ಕಿಯ ರಿಪೋರ್ಟ್ ಕೈಗೆ ಬಂದಾಗ ಬಲಗಡೆ ಸಾಲಿನಲ್ಲಿ ‘ಆರ್’ ಅಕ್ಷರ ಮೇಲಿಂದ ಕೆಳಗೆ ಇಳಿದಿತ್ತು. ನಡುವೆ ಮೂರೋ ನಾಲ್ಕೋ ‘ಎಸ್’. ‘ಎಸ್’ ಅಂದರೆ ಔಷಧಕ್ಕೆ ಬಗ್ಗುತ್ತದೆ, ‘ಆರ್’ ಅಂದರೆ ಬಗ್ಗುವುದಿಲ್ಲ. ನಡುವಿನ ‘ಐ’ಗೆ ಪ್ರಮಾಣ ಮತ್ತು ಜಾಗ ನೋಡಿ ಡಾಕ್ಟರೇ ಅರ್ಥ ಹೇಳಬೇಕು.

ಮೊದಲು ರೋಗಾಣುವಿನ ಹೆಸರು ನೋಡಿ. ನಾಯಿಯ ಚರ್ಮದ ಸೋಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಟಫಿಲೋಕಾಕಸ್ ಸ್ಯೂಡಿಂಟರ್‌ಮೀಡಿಯಸ್. 2005ರಲ್ಲಿ ಇದನ್ನು ಪ್ರತ್ಯೇಕ ಜಾತಿ ಅಂತ ಗುರುತಿಸಿದರು. ಅದಕ್ಕೂ ಮೊದಲಿನ ಬರಹಗಳಲ್ಲಿ ಇದು ಇಂಟರ್‌ಮೀಡಿಯಸ್ ಅನ್ನುವ ಹೆಸರಿನಲ್ಲೇ ಸಿಗುತ್ತದೆ. ಇದು ಹೊರಗಿನಿಂದ ಬಂದ ಭೂತವಲ್ಲ. ಆರೋಗ್ಯವಂತ ನಾಯಿಯ ಬಾಯಿ, ಮೂಗು, ಗುದದ ಹತ್ತಿರ ಇರುವಂಥದ್ದೇ. ಚರ್ಮ ಕೆಟ್ಟಾಗ ಒಳಗೆ ನುಗ್ಗುತ್ತದೆ.

ಆಮೇಲೆ ‘ಆಕ್ಸಾಸಿಲಿನ್’ ಅನ್ನುವ ಸಾಲು ಹುಡುಕಿ. ಇಲ್ಲಿ ‘ಆರ್’ ಇದ್ದರೆ ನಿಮ್ಮ ನಾಯಿಯದ್ದು ಮೆಥಿಸಿಲಿನ್‌ಗೆ (ಪೆನಿಸಿಲಿನ್ ಕುಟುಂಬದ ಒಂದು ಹಳೆಯ ಔಷಧ) ಬಗ್ಗದ ತಳಿ, ಡಾಕ್ಟರುಗಳು ಎಂಆರ್‌ಎಸ್‌ಪಿ ಅನ್ನುತ್ತಾರೆ. ಆಗ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಸೆಫಲೆಕ್ಸಿನ್, ಸೆಫ್‌ಪೋಡಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎಲ್ಲವೂ ಒಟ್ಟಿಗೆ ಲೆಕ್ಕದಿಂದ ಹೊರಗೆ. ಅವುಗಳಲ್ಲಿ ಒಂದರ ಮುಂದೆ ‘ಎಸ್’ ಅಂತ ಮುದ್ರಿಸಿದ್ದರೂ ನಂಬಬಾರದು, ಲ್ಯಾಬ್‌ಗೆ ಫೋನ್ ಮಾಡಿಸಿ. ಚುಕ್ಕಿಗೆ ಕೊಟ್ಟ ಮೂರು ಮಾತ್ರೆಗಳ ಹೆಸರು ಬೇರೆ ಬೇರೆ, ಪೆಟ್ಟಿಗೆಯ ಬಣ್ಣ ಬೇರೆ ಬೇರೆ. ಆದರೆ ಮೂರೂ ಇದೇ ಕುಟುಂಬದವು. ನಾವು ಬದಲಿಸಿದ್ದೇವೆ ಅಂದುಕೊಂಡಿದ್ದೆವು, ನಿಜಕ್ಕೂ ಬದಲಾಗಿರಲೇ ಇಲ್ಲ.

ಯಾಕೆ ಒಟ್ಟಿಗೆ ಸೋಲುತ್ತವೆ? ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಗೋಡೆ ಕಟ್ಟುವ ಗಾರೆ ಮೇಸ್ತ್ರಿಯ ಹಾಗೆ ಒಂದು ಪ್ರೋಟೀನ್ ಇರುತ್ತದೆ. ಈ ಕುಟುಂಬದ ಔಷಧಗಳೆಲ್ಲ ಆ ಮೇಸ್ತ್ರಿಯ ಕೈ ಹಿಡಿದು ಕೆಲಸ ನಿಲ್ಲಿಸುತ್ತವೆ. ಮೆಕ್-ಎ ಅನ್ನುವ ಜೀನ್ ಸಿಕ್ಕ ರೋಗಾಣು ಬೇರೆ ಮೇಸ್ತ್ರಿಯನ್ನು ಕರೆತರುತ್ತದೆ. ಅವನ ಕೈ ಔಷಧದ ಹಿಡಿತಕ್ಕೆ ಸಿಗುವುದಿಲ್ಲ. ಪ್ರಮಾಣ ಜಾಸ್ತಿ ಮಾಡಿದರೂ, ಅದೇ ಕುಟುಂಬದ ದುಬಾರಿ ಔಷಧ ತಂದರೂ ಗೋಡೆ ಏಳುತ್ತಲೇ ಇರುತ್ತದೆ. ಮೆಥಿಸಿಲಿನ್ ಬಳಕೆಗೆ ಬಂದಿದ್ದು 1959-60ರ ಹೊತ್ತಿಗೆ. 1961ರಲ್ಲೇ ಬ್ರಿಟನ್‌ನಲ್ಲಿ ಮನುಷ್ಯರ ಸ್ಟಫಿಲೋಕಾಕಸ್‌ನಲ್ಲಿ ಅದಕ್ಕೆ ಬಗ್ಗದ ತಳಿ ವರದಿಯಾಯಿತು.

ಇಷ್ಟು ಕೇಳಿ ಎದೆ ಒಡೆದುಕೊಳ್ಳಬೇಡಿ. ಈ ತಳಿ ಮಾಮೂಲಿ ತಳಿಗಿಂತ ಹೆಚ್ಚು ಕ್ರೂರ ಅಲ್ಲ. ಅದೇ ಗುಳ್ಳೆ, ಅದೇ ಹಕ್ಕಳೆ. ಮಾತ್ರೆಯ ಆಯ್ಕೆ ಕಮ್ಮಿ, ಅಷ್ಟೇ ವ್ಯತ್ಯಾಸ. ಮತ್ತೆ ಚರ್ಮ ಹೊರಗಿದೆ, ಕೈಗೆ ಸಿಗುತ್ತದೆ. ಶ್ವಾಸಕೋಶದ ಸೋಂಕಿಗೆ ಇಲ್ಲದ ಅನುಕೂಲ ಇದು.

ತೊಳೆಯುವುದೇ ಮುಖ್ಯ ಔಷಧ

ರಿಪೋರ್ಟ್ ನೋಡಿ ನಾನು ಕೇಳಿದ್ದು, ‘ಡಾಕ್ಟ್ರೇ, ಹಾಗಾದ್ರೆ ಯಾವ ಇಂಜೆಕ್ಷನ್?’ ಅವರು ಹೇಳಿದ್ದು, ‘ಮೊದಲು ಸ್ನಾನ ಮಾಡಿಸಿಮ್ಮ, ನಾನು ಹೇಳೋ ಥರ.’ ನನಗೆ ಒಳಗೊಳಗೇ ನಿರಾಸೆ ಆಯಿತು. ಆದರೆ ರಿಪೋರ್ಟ್‌ನ ‘ಎಸ್’-‘ಆರ್’ ಲೆಕ್ಕ ಮಾತ್ರೆ-ಇಂಜೆಕ್ಷನ್‌ಗೆ ಹಾಕಿದ್ದು. ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಚರ್ಮಕ್ಕೆ ನೇರವಾಗಿ, ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿ ತಾಗುತ್ತದೆ. ಎಂಆರ್‌ಎಸ್‌ಪಿ ಕೂಡ ಅದಕ್ಕೆ ಸಾಯುತ್ತದೆ. ಮೇಲ್ಪದರದ ಸೋಂಕು ಎಷ್ಟೋ ನಾಯಿಗಳಲ್ಲಿ ಇದರಿಂದಲೇ, ಮಾತ್ರೆ ಇಲ್ಲದೆ ವಾಸಿಯಾಗುತ್ತದೆ.

ಶಾಂಪೂ ಕೊಳ್ಳುವಾಗ ಕ್ಲೋರ್‌ಹೆಕ್ಸಿಡಿನ್ ಪ್ರಮಾಣ ನೋಡಿ, 2ರಿಂದ 4 ಶೇಕಡಾ ಇರಬೇಕು. ‘ಬೇವು-ಅರಿಶಿನ’ ಚಿತ್ರ ಇರುವ ಪರಿಮಳದ ಶಾಂಪೂ ಈ ಕೆಲಸಕ್ಕೆ ಸಾಲದು. ವಾರಕ್ಕೆ ಎರಡು ಅಥವಾ ಮೂರು ಸಲ ಸ್ನಾನ. ಉದ್ದ ಕೂದಲಿದ್ದರೆ ಸೋಂಕಿರುವ ಕಡೆ ಮೊದಲು ಕತ್ತರಿಸಿ, ಇಲ್ಲದಿದ್ದರೆ ನೊರೆ ಕೂದಲಲ್ಲೇ ಉಳಿಯುತ್ತದೆ. ಉಗುರು ಬೆಚ್ಚಗಿನ ನೀರು ಸಾಕು, ಬಿಸಿ ನೀರಿಗೆ ತುರಿಕೆ ಹೆಚ್ಚುತ್ತದೆ.

ಸೋಲುವುದು ಎಲ್ಲಿ ಅಂದರೆ, ಕಾಯುವ ಹೊತ್ತಿನಲ್ಲಿ. ಹಚ್ಚಿ ತಕ್ಷಣ ತೊಳೆದರೆ ಔಷಧ ಮೋರಿಗೆ ಹೋಯಿತು. ನೊರೆ ಚರ್ಮದ ಮೇಲೆ ಹತ್ತು ನಿಮಿಷ ಇರಬೇಕು. ಹತ್ತು ನಿಮಿಷ ಅಂದರೆ ಗಡಿಯಾರದ ಹತ್ತು ನಿಮಿಷ. ಒದ್ದೆ ಲ್ಯಾಬ್ರಡಾರ್ ಅನ್ನು ಅಷ್ಟು ಹೊತ್ತು ನಿಲ್ಲಿಸುವುದು ಸುಲಭ ಅಲ್ಲ. ನಾವು ಕಂಡುಕೊಂಡ ದಾರಿ: ಸೋಂಕು ಜಾಸ್ತಿ ಇರುವ ಜಾಗಕ್ಕೆ ಮೊದಲು ಹಚ್ಚುವುದು, ಆಮೇಲೆ ಉಳಿದ ಮೈಗೆ. ಮೈಯೆಲ್ಲ ಮುಗಿಯುವಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತದೆ. ನನ್ನ ಮಗ ಬಚ್ಚಲ ಬಾಗಿಲಲ್ಲಿ ಕೂತು ಬೇಯಿಸಿದ ಕ್ಯಾರೆಟ್ ಚೂರು ಒಂದೊಂದೇ ಕೊಡುತ್ತಿದ್ದ. ನಾನು ಬೆರಳ ತುದಿಯಲ್ಲಿ ಕೂದಲ ಬುಡಕ್ಕೆ ಮೆಲ್ಲಗೆ ತಿಕ್ಕುತ್ತಿದ್ದೆ. ಎಂಟನೇ ನಿಮಿಷಕ್ಕೆ ಹಕ್ಕಳೆ ನೆನೆದು ತಾನಾಗಿ ಬಿಡುತ್ತಿತ್ತು. ಉಗುರಿಂದ ಕೀಳಬಾರದು. ಆಮೇಲೆ ನೀರು ಸ್ವಚ್ಛವಾಗಿ ಬರುವವರೆಗೆ ತೊಳೆದು, ಟವೆಲ್‌ನಿಂದ ಒತ್ತಿ ಒತ್ತಿ ಒರೆಸುವುದು. ಮಲೆನಾಡಿನ ಮಳೆಯಲ್ಲಿ ಒದ್ದೆ ಮೈ ತಾನಾಗಿ ಒಣಗುತ್ತದೆ ಅಂತ ಬಿಟ್ಟರೆ ತೊಡೆಸಂದಿಯಲ್ಲಿ ಮತ್ತೆ ಶುರು. ಫ್ಯಾನ್ ಕೆಳಗೆ ಕೂರಿಸಿ.

ಕಣ್ಣಿಗೆ ಕ್ಲೋರ್‌ಹೆಕ್ಸಿಡಿನ್ ತಾಗಿದರೆ ಪೆಟ್ಟಾಗುತ್ತದೆ, ಕಿವಿಯೊಳಗೂ ಬಿಡಬೇಡಿ. ಮುಖಕ್ಕೆ ಡಾಕ್ಟರನ್ನು ಕೇಳಿ ಒರೆಸುವ ಪ್ಯಾಡ್ ಬಳಸಿ. ಸ್ನಾನ ಇಲ್ಲದ ದಿನ ಕ್ಲೋರ್‌ಹೆಕ್ಸಿಡಿನ್ ಸ್ಪ್ರೇ ಅಥವಾ ಮೂಸ್ (ತೊಳೆಯದೆ ಬಿಡುವ ನೊರೆ) ಹಚ್ಚಬಹುದು. ನಾಲ್ಕೈದು ಗುರುತು ಮಾತ್ರ ಇದ್ದರೆ ಫ್ಯೂಸಿಡಿಕ್ ಆಸಿಡ್ ಅಥವಾ ಮ್ಯುಪಿರೋಸಿನ್ ಮುಲಾಮು ಬರೆದುಕೊಡಬಹುದು. ಹಚ್ಚಿದ ಮೇಲೆ ಹತ್ತು ನಿಮಿಷ ನೆಕ್ಕಲು ಬಿಡಬೇಡಿ. ಆ ಹೊತ್ತಿಗೆ ಒಂದು ಸುತ್ತು ಓಡಾಡಿಸಿಕೊಂಡು ಬಂದರೆ ಸರಿಹೋಗುತ್ತದೆ.

ಹಚ್ಚಬಾರದ್ದೂ ಹೇಳಬೇಕು. ನಮ್ಮ ಪಕ್ಕದ ಮನೆ ಅಜ್ಜಿ ಪ್ರೀತಿಯಿಂದ ಬೇವಿನ ಸೊಪ್ಪು ಕುದಿಸಿ ಕೊಟ್ಟರು. ತಣ್ಣಗಾದ ಆ ನೀರಿನಿಂದ ತೊಂದರೆ ಆಗಲಿಲ್ಲ, ಸೋಂಕೂ ಹೋಗಲಿಲ್ಲ. ಆದರೆ ಗಾಡಿಯ ಹಳೆ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಇವನ್ನು ಕಜ್ಜಿ ನಾಯಿಗೆ ಬಳಿಯುವ ರೂಢಿ ಇನ್ನೂ ಇದೆ. ಚರ್ಮ ಸುಡುತ್ತದೆ, ನಾಯಿ ನೆಕ್ಕಿಕೊಂಡು ವಿಷವಾಗುತ್ತದೆ. ದಯವಿಟ್ಟು ಮಾಡಬೇಡಿ, ಮಾಡುವವರನ್ನು ತಡೆಯಿರಿ.

ಮಾತ್ರೆ ಬೇಕೇ ಬೇಕು ಅಂದಾಗ

ಆಳದ ಸೋಂಕಿಗೆ, ಅಥವಾ ತೊಳೆದೂ ಹತೋಟಿಗೆ ಬರದಿದ್ದರೆ ರಿಪೋರ್ಟ್ ಪ್ರಕಾರ ಮಾತ್ರೆ ಆರಿಸುತ್ತಾರೆ. ‘ಎಸ್’ ಬಂದ ಕೂಡಲೇ ಎಲ್ಲವೂ ಒಂದೇ ಅಲ್ಲ, ಪ್ರತಿಯೊಂದಕ್ಕೂ ತನ್ನದೇ ಅಪಾಯ ಇದೆ. ಕ್ಲಿಂಡಾಮೈಸಿನ್ ‘ಎಸ್’ ಇದ್ದು ಎರಿಥ್ರೋಮೈಸಿನ್ ‘ಆರ್’ ಇದ್ದರೆ ‘ಡಿ-ಟೆಸ್ಟ್ ಮಾಡಿದ್ದಾರಾ’ ಅಂತ ಕೇಳಿ. ಔಷಧ ಶುರುವಾದ ಮೇಲೆ ಪ್ರತಿರೋಧ ತೋರುವ ತಳಿ ಅದರಲ್ಲಿ ಸಿಕ್ಕಿಬೀಳುತ್ತದೆ. ಸಲ್ಫಾ ಮಾತ್ರೆಯಿಂದ ಕಣ್ಣೀರು ಒಣಗಬಹುದು, ಡಾಬರ್‌ಮನ್‌ಗೆ ಇನ್ನೂ ಹೆಚ್ಚಿನ ತೊಂದರೆ ಆಗುವುದುಂಟು. ಕ್ಲೋರಂಫೆನಿಕಾಲ್ ಕೊಡುವವರು ಕೈಗವಸು ಹಾಕಲೇಬೇಕು. ಅಪರೂಪಕ್ಕೆ ಮನುಷ್ಯರಲ್ಲಿ ಅದು ರಕ್ತ ತಯಾರಾಗುವುದನ್ನೇ ನಿಲ್ಲಿಸುತ್ತದೆ. ನಾಯಿಗೆ ಹಿಂಗಾಲಿನ ಬಲ ಕುಗ್ಗಬಹುದು. ರಿಫಾಂಪಿಸಿನ್ ಯಕೃತ್ತಿಗೆ, ಅಮಿಕಾಸಿನ್ ಮೂತ್ರಪಿಂಡಕ್ಕೆ ಭಾರ, ರಕ್ತಪರೀಕ್ಷೆ ಇಲ್ಲದೆ ಕೊಡುವಂಥವಲ್ಲ.

ಲಿನೆಝೋಲಿಡ್, ವ್ಯಾಂಕೋಮೈಸಿನ್ ‘ಎಸ್’ ಇದೆ ಅಂತ ಕಂಡರೂ ಅವನ್ನು ಕೇಳಬೇಡಿ. ಅವು ಆಸ್ಪತ್ರೆಯಲ್ಲಿ ಜೀವದ ಹೋರಾಟದಲ್ಲಿರುವ ಮನುಷ್ಯರಿಗೆ ಉಳಿಸಬೇಕಾದ ಕೊನೆಯ ಔಷಧಗಳು. ಚುಕ್ಕಿಯನ್ನು ನಾನು ಮಗಳ ಹಾಗೆ ನೋಡುತ್ತೇನೆ, ಆದರೂ ಹೀಗೇ ಹೇಳುತ್ತೇನೆ. ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೇಳುವುದೂ ಬೇಡ. ಸೆಫ್‌ಪೋಡಾಕ್ಸಿಮ್‌ನಂಥ ಔಷಧಗಳು 2014ರಿಂದ ಶೆಡ್ಯೂಲ್ ಎಚ್-1ರಲ್ಲಿವೆ. ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದೇ ಮಾರಬೇಕು.

ಎಷ್ಟು ದಿನ? ಮೊದಲೆಲ್ಲ ಮೂರು-ನಾಲ್ಕು ವಾರ, ವಾಸಿಯಾದ ಮೇಲೂ ಒಂದು ವಾರ ಕೊಡಿ ಅನ್ನುತ್ತಿದ್ದರು. ಈಗಿನ ಸಲಹೆ ಬೇರೆ. ಮೇಲ್ಪದರದ ಸೋಂಕಾದರೆ ಎರಡು ವಾರಕ್ಕೆ, ಆಳದ್ದಾದರೆ ಮೂರು ವಾರಕ್ಕೆ ನಾಯಿಯನ್ನು ತೋರಿಸಿ, ಸ್ಲೈಡ್ ನೋಡಿ, ಮುಂದುವರಿಸಬೇಕಾ ಅಂತ ಆಗ ನಿರ್ಧರಿಸುವುದು. ಆ ಭೇಟಿ ತಪ್ಪಿಸಬೇಡಿ. ಚುಕ್ಕಿಗೆ ಮಾತ್ರೆ ಬೇಕಾಗಲಿಲ್ಲ. ಮೂರನೇ ವಾರದ ಸ್ನಾನದ ಹೊತ್ತಿಗೆ ಹೊಸ ಗುಳ್ಳೆ ನಿಂತಿತು. ಆರನೇ ವಾರ ಬೆನ್ನಿನ ಬೋಳು ಜಾಗದಲ್ಲಿ ಮಖಮಲ್ಲಿನಂಥ ಕೂದಲು ಕಂಡಿತು.

ಮತ್ತೆ ಯಾಕೆ ಬರುತ್ತದೆ?

ಆರೋಗ್ಯವಾಗಿರುವ ಚರ್ಮಕ್ಕೆ ಸುಮ್ನೆ ಸೋಂಕು ಬರುವುದಿಲ್ಲ. ಹಾಗಾಗಿ ಗುಣವಾದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳಿ: ಕೆರೆತ ಮೊದಲು ಬಂತಾ, ಗುಳ್ಳೆ ಮೊದಲು ಬಂತಾ? ಸೋಂಕು ಹೋದ ಮೇಲೂ ಕೆರೆತ ಉಳಿದಿದೆಯಾ?

ಉಳಿದಿದ್ದರೆ ಅಲರ್ಜಿ ಹುಡುಕಿ. ಚಿಗಟದಿಂದ ಶುರು ಮಾಡಿ. ಒತ್ತಾದ ಬಾಚಣಿಗೆಯಿಂದ ಸೊಂಟದ ಹತ್ತಿರ ಬಾಚಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಗೆ ಹಾಕಿ. ಸುತ್ತ ಕೆಂಗಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ. ಚಿಗಟಕ್ಕೆ ವರ್ಷವಿಡೀ ತಪ್ಪದೆ ಔಷಧ ಬೇಕು. ಆಮೇಲೆ ಊಟ. ಕನಿಷ್ಠ ಎಂಟು ವಾರ ನಾಯಿ ಎಂದೂ ತಿನ್ನದ ಒಂದೇ ಮಾಂಸ, ಒಂದೇ ಧಾನ್ಯ. ಆ ಎಂಟು ವಾರ ಬಿಸ್ಕತ್ತು, ಮೊಸರನ್ನದ ತುತ್ತು, ಅಜ್ಜ ಕದ್ದು ಕೊಡುವ ಚಪಾತಿ ಯಾವುದೂ ಇಲ್ಲ. ಎರಡರಲ್ಲೂ ಸಿಗದಿದ್ದರೆ ಗಾಳಿಯಲ್ಲಿನ ಧೂಳು-ಪರಾಗದ ಅಲರ್ಜಿ. ಚುಕ್ಕಿಯದ್ದು ಇದೇ. ಈಗ ನೆನೆಸಿಕೊಂಡರೆ, ಗುಳ್ಳೆ ಏಳುವ ಎರಡು ವರ್ಷ ಮೊದಲಿನಿಂದ ಅವಳು ಪಾದ ನೆಕ್ಕುತ್ತಿದ್ದಳು.

ಕೆರೆತವೇ ಇಲ್ಲದೆ ಸೋಂಕು ಮರುಕಳಿಸಿದರೆ ಹಾರ್ಮೋನ್ ನೋಡಿಸಿ. ಕಮ್ಮಿ ತಿಂದರೂ ದಪ್ಪ, ಮಂಕು, ಬಾಲದ ಕೂದಲು ಉದುರಿದ್ದರೆ ಥೈರಾಯ್ಡ್. ಬಿಂದಿಗೆಗಟ್ಟಲೆ ನೀರು ಕುಡಿದು, ಹೊಟ್ಟೆ ಜೋತುಬಿದ್ದು, ಚರ್ಮ ತೆಳುವಾಗಿದ್ದರೆ ಕುಶಿಂಗ್ ಕಾಯಿಲೆ, ಅಂದರೆ ದೇಹದಲ್ಲೇ ಸ್ಟೀರಾಯ್ಡ್ ಹಾರ್ಮೋನ್ ಅತಿಯಾಗುವುದು. ಸ್ಟೀರಾಯ್ಡ್ ಅಥವಾ ಸಲ್ಫಾ ನಡೆಯುತ್ತಿರುವಾಗ ಥೈರಾಯ್ಡ್ ಟೆಸ್ಟ್ ಸುಳ್ಳು ಹೇಳುತ್ತದೆ. ಡಾಕ್ಟರಿಗೆ ಮೊದಲೇ ತಿಳಿಸಿ.

ಮನೆಯವರಿಗೆ ಅಂಟುತ್ತಾ?

ಎಂಆರ್‌ಎಸ್‌ಪಿ ನಾಯಿಗೆ ಒಗ್ಗಿದ ರೋಗಾಣು. ಮನುಷ್ಯರಿಗೆ ಸೋಂಕು ಮಾಡುವುದು ಅಪರೂಪ. ಕೀಮೋ ಪಡೆಯುತ್ತಿರುವವರು, ಅಂಗ ಕಸಿ ಆದವರು, ತೆರೆದ ಗಾಯ ಇರುವವರು ಮನೆಯಲ್ಲಿದ್ದರೆ ಸೋಂಕಿನ ಜಾಗ ಮುಟ್ಟದಿರಲಿ. ಉಳಿದವರು ಸೋಪಿನಿಂದ ಕೈ ತೊಳೆದರೆ ಸಾಕು. ರಿಪೋರ್ಟ್‌ನಲ್ಲಿ ‘ಆರಿಯಸ್’ ಅಂತ ಇದ್ದರೆ ಮಾತು ಬೇರೆ. ಅದು ಮನುಷ್ಯರ ತಳಿ, ಸಾಮಾನ್ಯವಾಗಿ ನಮ್ಮಿಂದಲೇ ನಾಯಿಗೆ ಹೋಗಿರುತ್ತದೆ. ಆಗ ನಿಮ್ಮ ಡಾಕ್ಟರಿಗೂ ಹೇಳಿ. ಚುಕ್ಕಿಯ ಹಾಸಿಗೆ ಬಟ್ಟೆಯನ್ನು ನಾವು ವಾರಕ್ಕೆರಡು ಸಲ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ನಾಯಿ ವಾಸಿಯಾದ ಮೇಲೂ ಈ ರೋಗಾಣುವನ್ನು ತಿಂಗಳುಗಟ್ಟಲೆ ಹೊತ್ತಿರಬಹುದು. ಹಾಗಾಗಿ ಆಸ್ಪತ್ರೆಗೆ ಹೋಗುವಾಗ ಮೊದಲೇ ಫೋನ್ ಮಾಡಿ ತಿಳಿಸುತ್ತೇವೆ. ಅವಳನ್ನು ಕೊನೆಗೆ ನೋಡಿ, ಮೇಜು ಒರೆಸುತ್ತಾರೆ. ಅಲ್ಲಿ ಕಾಯುತ್ತಿರುವ ಬೇರೆ ನಾಯಿಗಳಿಗೂ ಮನೆಯವರಿದ್ದಾರೆ ಅಲ್ವಾ.

ಈಗ ವಾರಕ್ಕೊಂದು ಸ್ನಾನ ನಡೆಯುತ್ತಿದೆ, ಅಲರ್ಜಿಗೆ ಬೇರೆ ಔಷಧ ಇದೆ. ಹೋದ ಜುಲೈನಲ್ಲಿ ಹೊಟ್ಟೆಯ ಮೇಲೆ ಎರಡು ಗುಳ್ಳೆ ಎದ್ದವು. ನಾಣ್ಯ ಇಟ್ಟು ಫೋಟೋ ತೆಗೆದೆ. ಸ್ನಾನವನ್ನು ದಿನ ಬಿಟ್ಟು ದಿನ ಮಾಡಿದೆ, ನಡುವೆ ಸ್ಪ್ರೇ. ಐದನೇ ದಿನಕ್ಕೆ ಡಾಕ್ಟರ ಹತ್ತಿರ ಸ್ಲೈಡ್ ಮಾಡಿಸಿದೆ. ಒಂದೆರಡು ನೀಲಿ ಚುಕ್ಕಿ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಮಾತ್ರೆ ಬರೆಯದೆ ಮನೆಗೆ ಕಳಿಸಿದರು.